ಲೇಸರ್ ತಡೆಯೋ ನೂಲು: ಕನ್ನಡಕಕ್ಕೆ ಆಗುತ್ತಾ?

ಈ ಸೂಜಿಯ ತುದಿ ನೋಡಿ. ಹನಿ ನಿಂತಿದೆಯಲ್ಲ, ಈಗ ವೋಲ್ಟೇಜ್ ಏರಿಸ್ತೀನಿ. ಹತ್ತು ಕಿಲೋವೋಲ್ಟ್ ದಾಟಿತು... ನೋಡಿ, ಗುಂಡಗಿದ್ದ ಹನಿ ಚೂಪಾಯ್ತು. ಆ ಚೂಪಿನಿಂದ ಎಳೆ ಚಿಮ್ಮುತ್ತೆ, ಸ್ವಲ್ಪ ದೂರ ನೆಟ್ಟಗೆ ಬಂದು ಆಮೇಲೆ ಸುತ್ತಿ ಸುತ್ತಿ ಹೊಯ್ದಾಡುತ್ತೆ. ದಾರಿಯಲ್ಲೇ ನೀರು ಆರಿಹೋಗಿ, ಎದುರಿನ ಅಲ್ಯೂಮಿನಿಯಂ ಫಾಯಿಲ್ ಮೇಲೆ ಒಣ ನೂಲು ಕೂರುತ್ತೆ. ಇದೇ ಎಲೆಕ್ಟ್ರೋಸ್ಪಿನ್ನಿಂಗ್. ನಮ್ಮ ತಲೆಗೂದಲು ಈ ಎಳೆಗಿಂತ ನೂರಾರು ಪಟ್ಟು ದಪ್ಪ.

ಸಿರಿಂಜಲ್ಲಿರೋದು ಪಿವಿಎ, ಬಿಸಿನೀರಲ್ಲಿ ಕರಗೋ ಪಾಲಿಮರ್. ಹಳದಿ ಬಣ್ಣ ಬೆಳ್ಳಿಯದು. ಹೌದು, ಬೆಳ್ಳಿಯನ್ನ ನ್ಯಾನೋ ಕಣ ಮಾಡಿದ್ರೆ ಅದು ನೇರಳೆ-ನೀಲಿ ಬೆಳಕನ್ನ ನುಂಗಿ ಹಳದಿಯಾಗಿ ಕಾಣುತ್ತೆ. ಮಳೆಗಾಲದಲ್ಲಿ ಈ ಕೆಲಸ ಮಾತ್ರ ಬೇಡವೇ ಬೇಡ. ಗಾಳಿಯಲ್ಲಿ ತೇವ ಇದ್ರೆ ಎಳೆ ಸರಿಯಾಗಿ ಆರಲ್ಲ, ಒಂದಕ್ಕೊಂದು ಅಂಟಿಕೊಳ್ಳುತ್ತೆ.

ಇಷ್ಟೆಲ್ಲ ಯಾಕೆ ಅಂತೀರಾ? ಪಕ್ಕದ ಕೋಣೆಯಲ್ಲಿರೋ ಎನ್‌ಡಿ-ಯಾಗ್ ಅನ್ನೋ ಜಾತಿಯ ಲೇಸರ್‌ನಿಂದ ಕಣ್ಣು ಉಳಿಸಿಕೊಳ್ಳೋಕೆ. ಅದರ ಹಸಿರು ಬೆಳಕು 532 ನ್ಯಾನೋಮೀಟರ್, ಒಂದೊಂದು ಪಲ್ಸ್, ಅಂದ್ರೆ ಬೆಳಕಿನ ಮಿಡಿತ, ಸುಮಾರು 5 ನ್ಯಾನೋಸೆಕೆಂಡ್. ನಾವು ಕಣ್ಣು ಮುಚ್ಚೋಕೆ ಕಾಲು ಸೆಕೆಂಡ್ ಬೇಕು, ಅಂದ್ರೆ ಪಲ್ಸ್‌ಗಿಂತ 5 ಕೋಟಿ ಪಟ್ಟು ನಿಧಾನ. ರೆಪ್ಪೆ ನಂಬಿ ಕೂತ್ರೆ ಕೆಟ್ವಿ.

ಗಾಗಲ್ಸ್ ಇದೆಯಲ್ಲ ಅಂದ್ರೆ, ಇದೆ. ಆದ್ರೆ ಹಸಿರು ತಡೆಯೋ ಗಾಗಲ್ಸ್ ಲೇಸರ್ ಆಫ್ ಇದ್ರೂ ಹಸಿರು ತಡೆಯುತ್ತೆ. ಬೇರೆ ತರಂಗಾಂತರ ಬಂದ್ರೆ ಬೇರೆ ಗಾಗಲ್ಸ್. ನಮಗೆ ಬೇಕಿರೋದು ಮಂದ ಬೆಳಕನ್ನ ಬಿಟ್ಟು, ಜೋರು ಬೆಳಕನ್ನ ಮಾತ್ರ ತಡೆಯೋ ವಸ್ತು. ಆಪ್ಟಿಕಲ್ ಲಿಮಿಟರ್ ಅನ್ನೋದು ಇದಕ್ಕೇ. ಒಂದು ಅಣು ಎರಡು ಫೋಟಾನ್‌ಗಳನ್ನ, ಅಂದ್ರೆ ಬೆಳಕಿನ ಕಣಗಳನ್ನ, ಒಟ್ಟಿಗೇ ನುಂಗಬಹುದು ಅಂತ ಭೌತವಿಜ್ಞಾನಿ ಮರಿಯಾ ಗೋಪರ್ಟ್-ಮೇಯರ್ 1931ರಲ್ಲೇ ಲೆಕ್ಕ ಹಾಕಿದ್ರು. ಬೆಳಕು ದಟ್ಟವಾದಷ್ಟೂ ಇದು ಹೆಚ್ಚಾಗುತ್ತೆ. ಬೆಳ್ಳಿ ಕಣಗಳಲ್ಲಿ ಇದರ ಜೊತೆಗೆ ಕಾದ ಕಣದ ಸುತ್ತ ಬೆಳಕು ಚೆದುರೋದೂ ಸೇರಿಕೊಳ್ಳುತ್ತೆ.

ನೂಲು ಎಷ್ಟು ತಡೆಯುತ್ತೆ ಅಂತ ಅಳೆಯೋದು ಝಡ್-ಸ್ಕ್ಯಾನ್‌ನಲ್ಲಿ. 1989ರಲ್ಲಿ ಮನ್ಸೂರ್ ಶೇಖ್ ಬಹಾಯಿ ಮತ್ತವರ ಜೊತೆಯವರು ಕೊಟ್ಟ ವಿಧಾನ; ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಲಿಮಿಟರ್‌ಗಳ ಮೇಲೆ ಒಳ್ಳೆ ಕೆಲಸ ಆಗಿದೆ. ಲೆನ್ಸ್ ಮುಂದೆ ಸ್ಯಾಂಪಲ್ಲನ್ನ ಹಿಂದೆ ಮುಂದೆ ಸರಿಸ್ತಾ ಹೋಗೋದು, ಅಷ್ಟೇ. ಸ್ಯಾಂಪಲ್ ದಾಟಿ ಬಂದ ಬೆಳಕಿನ ಗ್ರಾಫ್ ನೋಡಿ: ದೂರದಲ್ಲಿ ಗೆರೆ ಸಪಾಟು. ಬೆಳಕು ಒಂದೆಡೆ ಕೂಡೋ ಜಾಗಕ್ಕೆ ಬರ್ತಿದ್ದ ಹಾಗೆ ಗುಂಡಿ ಬಿತ್ತು. ದಾಟಿದ ಮೇಲೆ ಮತ್ತೆ ಸಪಾಟು. ಸ್ಯಾಂಪಲ್ ಸುಟ್ಟಿದ್ರೆ ಗೆರೆ ಹೀಗೆ ವಾಪಸ್ ಮೇಲೆ ಬರ್ತಿರ್ಲಿಲ್ಲ.

ಆದ್ರೆ ಇದನ್ನ ಕನ್ನಡಕ ಮಾಡ್ತೀನಿ ಅಂದ್ರೆ ನಾನು ಒಪ್ಪಲ್ಲ. ಗುಂಡಿ ಎಲ್ಲಿ ಬಿತ್ತು ನೋಡಿದ್ರಲ್ಲ, ಫೋಕಸ್‌ನಲ್ಲಿ ಮಾತ್ರ. ಮೂಗಿನ ಮೇಲಿನ ಗಾಜಿಗೆ ಬೀಳೋ ಕಿರಣ ಇನ್ನೂ ಫೋಕಸ್ ಆಗಿರಲ್ಲ. ಅದನ್ನ ಕೂಡಿಸೋದು ನಮ್ಮ ಕಣ್ಣು. ಅಕ್ಷಿಪಟಕ್ಕೆ ತಲುಪೋ ಹೊತ್ತಿಗೆ ಸುಮಾರು ಲಕ್ಷ ಪಟ್ಟು ದಟ್ಟ. ಕನ್ನಡಕದಲ್ಲಿರೋ ಕಣಗಳಿಗೆ ಎಚ್ಚರ ಆಗೋ ಮುಂಚೆಯೇ ಒಳಗೆ ಸುಟ್ಟಿರುತ್ತೆ. ದುರ್ಬೀನಿನ ಒಳಗೆ ಲೆನ್ಸ್‌ಗಳ ಮಧ್ಯೆ ಬೆಳಕು ಒಮ್ಮೆ ಕೂಡುತ್ತಲ್ಲ, ಲಿಮಿಟರ್ ಇಡಬೇಕಾದ್ದು ಅಲ್ಲಿ. ಮೊದಲ ಸಾಲಲ್ಲೇ "ಕಣ್ಣಿನ ರಕ್ಷಣೆ" ಅಂತ ಬರೆಯೋ ಪ್ರಬಂಧಗಳು ಈ ವಿಷಯಕ್ಕೆ ಬಂದಾಗ ಮೆತ್ತಗಾಗ್ತವೆ.

ಇನ್ನೊಂದು ತಾಪತ್ರಯ ಈ ಹಾಳೆಯೇ. ಫಾಯಿಲ್‌ನಿಂದ ಬಿಡಿಸಿದೆ, ನೋಡಿ, ಆಚೆ ಏನೂ ಕಾಣಲ್ಲ. ನೂಲಿಗೂ ನಡುವಿನ ಗಾಳಿಗೂ ಬೆಳಕು ಬಗ್ಗೋ ಪ್ರಮಾಣ, ಅಂದ್ರೆ ವಕ್ರೀಭವನ ಸೂಚ್ಯಂಕ, ಬೇರೆ, ಹಾಗಾಗಿ ಪ್ರತಿ ಎಳೆಯಲ್ಲೂ ಬೆಳಕು ಚೆದುರುತ್ತೆ. ಬೋಂಡಾ ಕಟ್ಟಿದ ಕಾಗದದಲ್ಲಿ ಎಣ್ಣೆ ಹತ್ತಿದ ಕಡೆ ಆಚೆ ಬದಿ ಕಾಣುತ್ತಲ್ಲ, ಆ ಉಪಾಯ ಇಲ್ಲೂ ನಡೆಯುತ್ತೆ: ಗಾಳಿ ಇರೋ ಜಾಗಕ್ಕೆ, ಪಿವಿಎಗೆ ಹೊಂದೋ ವಕ್ರೀಭವನ ಸೂಚ್ಯಂಕದ ರೆಸಿನ್ ತುಂಬಿಸೋದು. ನೀರಿನಂಶ ಇರೋ ರೆಸಿನ್ ಆಗಲ್ಲ, ಪಿವಿಎ ಕರಗುತ್ತೆ. ಪಿಎಂಎಂಎ, ಅಂದ್ರೆ ಅಕ್ರಿಲಿಕ್, ಹೊಂದುತ್ತೆ, ಎರಡರ ಸೂಚ್ಯಂಕವೂ 1.5ರ ಆಸುಪಾಸು. ಆ ಬಾಟಲಿ ತೆಗೆದಿಟ್ಟಿದೀನಿ, ಮುಂದಿನ ವಿಡಿಯೋದಲ್ಲಿ ಸುರಿಯೋಣ.