ಸೀತದ್ದಕ್ಕೆ ಸೀತೆ: ಒಂದು ಪ್ರಬಂಧಕ್ಕೆ ಹೆದರಿದ ವಿಶ್ವವಿದ್ಯಾಲಯದ ಕಥೆ

(ಕ್ಯಾಮೆರಾ ನೇರ ಮುಖದ ಮೇಲೆ. ಮ್ಯೂಸಿಕ್ ಬೇಡ.)

ಮೊದಲು ಒಂದು ಕಥೆ. ರಾವುಳ ಅಂತ ಒಬ್ಬ ರಾಜ, ಅಂದರೆ ನಮ್ಮ ರಾವಣನೇ. ಮಕ್ಕಳಿಲ್ಲ. ಶಿವನನ್ನು ಬೇಡಿಕೊಂಡಾಗ ಒಂದು ಮಾವಿನಹಣ್ಣು ಸಿಗುತ್ತದೆ. ತಿರುಳು ಹೆಂಡತಿಗೆ, ವಾಟೆ ನಿನಗೆ ಅಂತ ಮಾತಾಗಿರುತ್ತದೆ. ಇವನಿಗೆ ಆಸೆ ತಡೆಯಲಿಲ್ಲ. ತಿರುಳು ತಾನು ತಿಂದು, ವಾಟೆ ಹೆಂಡತಿಗೆ ಕೊಟ್ಟ. ಬಸಿರು ಇವನಿಗೇ ನಿಂತಿತು! ದಿನಕ್ಕೊಂದು ತಿಂಗಳು ತುಂಬುತ್ತಾ ಹೋಗಿ ಒಂಬತ್ತನೇ ದಿನ ಜೋರಾಗಿ ಸೀತ. ಮೂಗಿನಿಂದ ಹೆಣ್ಣುಮಗು ಬಂತು. ಸೀತದ್ದಕ್ಕೆ ಹುಟ್ಟಿದವಳು ಸೀತೆ.

ಸೀತ ಅಂದರೆ ಸೀನಿದ. ಈ ತಮಾಷೆ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಹುಟ್ಟೋಕೆ ಸಾಧ್ಯವೇ ಇಲ್ಲ. ನಮ್ಮ ಕಡೆಯ ದಲಿತ ಗಾಯಕರೊಬ್ಬರು ಹಾಡಿದ ಜನಪದ ರಾಮಾಯಣದಲ್ಲಿ ಇದು ಬರುತ್ತದೆ. ಇದನ್ನು ಜಗತ್ತಿಗೆ ತೋರಿಸಿದವರು ಎ.ಕೆ. ರಾಮಾನುಜನ್. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಕನ್ನಡದಲ್ಲೂ ಕವಿತೆ ಬರೆದವರು, ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದವರು. ಈ ಕಥೆ ಇರುವ ಅವರ ಪ್ರಬಂಧ, 'ಮುನ್ನೂರು ರಾಮಾಯಣಗಳು' ಅಂತ ಇಟ್ಟುಕೊಳ್ಳೋಣ, 1991ರಲ್ಲಿ ಅಚ್ಚಾಯಿತು. 1993ರಲ್ಲಿ ಅವರು ತೀರಿಕೊಂಡರು.

ಗಲಾಟೆ ಶುರುವಾಗಿದ್ದು ಅದಾಗಿ ಹದಿನೈದು ವರ್ಷದ ಮೇಲೆ.

(ಸ್ಕ್ರೀನ್ ಮೇಲೆ: ಫೆಬ್ರವರಿ 2008, ದೆಹಲಿ)

ದೆಹಲಿ ವಿಶ್ವವಿದ್ಯಾಲಯದ ಬಿಎ ಇತಿಹಾಸ ಆನರ್ಸ್ ಓದುವವರಿಗೆ ಈ ಪ್ರಬಂಧ ಪಠ್ಯವಾಗಿತ್ತು. ಇದು ಹಿಂದೂಗಳ ಭಾವನೆಗೆ ಧಕ್ಕೆ ತರುತ್ತದೆ ಅಂತ ಎಬಿವಿಪಿ ಕಾರ್ಯಕರ್ತರು ಇತಿಹಾಸ ವಿಭಾಗಕ್ಕೆ ನುಗ್ಗಿದರು. ಟಿವಿ ಕ್ಯಾಮೆರಾಗಳ ಎದುರಿಗೇ ಸಾಮಾನು ಒಡೆದರು, ವಿಭಾಗದ ಮುಖ್ಯಸ್ಥರ ಮೇಲೆ ಕೈಮಾಡಿದರು.

ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ತಿಳಿದವರನ್ನು ಕೇಳಿ, ಅವರ ಅಭಿಪ್ರಾಯವನ್ನು ಅಕಾಡೆಮಿಕ್ ಕೌನ್ಸಿಲ್, ಅಂದರೆ ಪಠ್ಯ ತೀರ್ಮಾನ ಮಾಡುವ ವಿಶ್ವವಿದ್ಯಾಲಯದ ಸಭೆಯ ಮುಂದಿಡಿ ಅಂತ ಕೋರ್ಟ್ ಹೇಳಿತು. ನಾಲ್ಕು ಜನರ ಸಮಿತಿಯಾಯಿತು. ಮೂವರು ಪಠ್ಯ ಇರಲಿ ಅಂದರು. ನಾಲ್ಕನೆಯವರೂ 'ಇದು ಕೆಟ್ಟ ಪ್ರಬಂಧ' ಅಂದವರಲ್ಲ, ಕಾಲೇಜಿನ ಮೇಷ್ಟ್ರುಗಳಿಗೆ ಇದನ್ನು ಡಿಗ್ರಿ ಹುಡುಗರಿಗೆ ತಿಳಿಸಿ ಹೇಳೋದು ಕಷ್ಟ ಅಂತ ಅವರ ಅನುಮಾನ. ಇತಿಹಾಸ ವಿಭಾಗವೂ ಪಠ್ಯದ ಪರ ಇತ್ತು. ಇಷ್ಟೆಲ್ಲ ಆದಮೇಲೆ 2011ರ ಅಕ್ಟೋಬರಿನಲ್ಲಿ ಅಕಾಡೆಮಿಕ್ ಕೌನ್ಸಿಲ್ ಸೇರಿ ಪ್ರಬಂಧವನ್ನು ತೆಗೆದುಹಾಕಿತು. ಅಷ್ಟು ದೊಡ್ಡ ಸಭೆಯಲ್ಲಿ ವಿರೋಧಿಸಿದವರು 9 ಜನ.

ಒಂಬತ್ತೇ ಜನ. ನನಗೆ ಒಡೆದ ಕುರ್ಚಿಗಿಂತ ಜಾಸ್ತಿ ಕಾಡೋದು ಈ ಲೆಕ್ಕ. ಕುರ್ಚಿ ಒಡೆದವರು ಹೊರಗಿನಿಂದ ನುಗ್ಗಿದವರು, ಸಭೆಯಲ್ಲಿ ಕೂತು ತೆಗೆಯೋಕೆ ಒಪ್ಪಿದವರು ಓದೋದು ಬರೆಯೋದನ್ನೇ ಕೆಲಸ ಮಾಡಿಕೊಂಡವರು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸುಮ್ನೆ ಜಗಳವಾಗುತ್ತದೆ. ಪಠ್ಯದಿಂದ ಒಂದು ಪಾಠ ತೆಗೆಯೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹಳೇ ಪಾಠ ಹೋಗುತ್ತವೆ, ಹೊಸದು ಬರುತ್ತವೆ. ಇದಕ್ಕಿಂತ ಒಳ್ಳೆಯದು ಸಿಕ್ಕಿದೆ ಅಂತ ವಿಭಾಗದವರೇ ಕೂತು ಚರ್ಚೆ ಮಾಡಿ ತೆಗೆದಿದ್ದರೆ ಈ ವಿಡಿಯೋನೇ ಇರುತ್ತಿರಲಿಲ್ಲ. ಹಾಗೆಯೇ, ಈ ಪ್ರಬಂಧ ನಮಗೆ ಹಿಡಿಸಲಿಲ್ಲ ಅಂತ ಬೋರ್ಡು ಹಿಡಿದು ಗೇಟಿನ ಮುಂದೆ ಕೂರುವ ಹಕ್ಕು ಎಬಿವಿಪಿಗೂ ಇದೆ, ಅದೂ ಸಂವಿಧಾನದ 19(1)(ಎ) ಕೊಟ್ಟ ಮಾತಿನ ಸ್ವಾತಂತ್ರ್ಯವೇ. ಪ್ರಬಂಧದ ತಪ್ಪು ಹುಡುಕಿ ಇನ್ನೊಂದು ಪ್ರಬಂಧ ಬರೆಯಲಿ, ಅದನ್ನೂ ಪಾಠಕ್ಕಿಡಲಿ. ನನ್ನ ತಕರಾರು ಇಷ್ಟೇ: ಯಾವುದನ್ನು ಓದಿಸಬೇಕು ಅಂತ ತೀರ್ಮಾನ ಮಾಡಬೇಕಾದ್ದು ಓದಿದವರು. ಇಲ್ಲಿ ಓದಿದವರನ್ನು ಕೇಳಿದರು, ಅವರು ಉತ್ತರವನ್ನೂ ಕೊಟ್ಟರು, ಆಮೇಲೆ ಆ ಉತ್ತರವನ್ನು ಪಕ್ಕಕ್ಕಿಟ್ಟರು.

ಇನ್ನು ಡಿಗ್ರಿ ಹುಡುಗರಿಗೆ ಇದು ಅರಗೋದಿಲ್ಲ ಅನ್ನುವ ವಾದ. ಇದು ನನಗೆ ನಗು ತರಿಸುತ್ತದೆ. ದಕ್ಷಿಣ ಕನ್ನಡದ ಕಡೆ ತಾಳಮದ್ದಳೆ ನೋಡಿದ್ದೀರಲ್ವಾ? 'ವಾಲಿ ವಧೆ' ಪ್ರಸಂಗ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಹಿಡಿದು ಕೇಳುತ್ತಾನೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ, ನಿನಗೂ ನನಗೂ ಏನು ವೈರ? ವಾಲಿಯ ಮಾತಾಡೋಕೆ ಒಳ್ಳೆ ಅರ್ಥಧಾರಿ ಸಿಕ್ಕಿಬಿಟ್ಟರೆ ರಾಮನ ಪಾತ್ರ ಮಾಡುವವರಿಗೆ ಬೆವರಿಳಿಯುತ್ತದೆ. ಇದು ನಡೆಯೋದು ದೇವಸ್ಥಾನದ ಅಂಗಳದಲ್ಲಿ. ಕೇಳುತ್ತಾ ಕೂತವರು ಭಕ್ತರು. ವಾಲಿ ಒಳ್ಳೆ ಮಾತು ಹಾಕಿದರೆ ತಲೆದೂಗುತ್ತಾರೆ, ಆಮೇಲೆ ಪ್ರಸಾದ ತಗೊಂಡು ಮನೆಗೆ ಹೋಗುತ್ತಾರೆ. ಅವರಿಗೆ ಅರಗಿದ್ದು ದೆಹಲಿಯ ಆನರ್ಸ್ ಹುಡುಗರಿಗೆ ಅರಗೋದಿಲ್ಲವಾ?

ಅಷ್ಟಕ್ಕೂ ಪ್ರಬಂಧದಲ್ಲಿ ಇದ್ದದ್ದೇನು? ರಾಮಾಯಣ ಒಂದಲ್ಲ, ಊರಿಗೊಂದು ಭಾಷೆಗೊಂದು ಇದೆ, ಯಾವುದೂ ಇನ್ನೊಂದರ ಕೆಟ್ಟ ನಕಲಲ್ಲ ಅನ್ನುವುದು. ಕಂಬನ ತಮಿಳು ರಾಮಾಯಣ, ಥಾಯ್ಲೆಂಡಿನ ರಾಮಕಿಯನ್, ಜೈನ ಕವಿ ವಿಮಲಸೂರಿಯ ರಾಮಾಯಣ ಎಲ್ಲ ಬರುತ್ತವೆ. ಜೈನರ ಕಥೆಯಲ್ಲಿ ರಾವಣನನ್ನು ಕೊಲ್ಲೋದು ರಾಮ ಅಲ್ಲ, ಲಕ್ಷ್ಮಣ. ಇದು ಕನ್ನಡದವರಿಗೇನು ಹೊಸ ಸುದ್ದಿ? ನಾಗಚಂದ್ರನ ರಾಮಾಯಣ ಇದೇ ಜೈನ ದಾರಿಯದು. 'ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ' ಅಂತ ಕುಮಾರವ್ಯಾಸ ಎಂದೋ ಹೇಳಿಬಿಟ್ಟಿದ್ದಾನೆ, ರಾಮಾನುಜನ್ ಅದನ್ನೂ ನೆನೆಯುತ್ತಾರೆ. ಆದಿಶೇಷ ತಿಣುಕಿಕೊಂಡಾದರೂ ಎಲ್ಲರನ್ನೂ ಹೊತ್ತಿದ್ದ. ಅಕಾಡೆಮಿಕ್ ಕೌನ್ಸಿಲ್‌ಗೆ ಒಂದು ಪ್ರಬಂಧವೂ ಭಾರವಾಯಿತು.

(ಸ್ವಲ್ಪ ನಿಲ್ಲಿಸಿ.)

ಈಗ ಕೆಲವರು ಕಾಮೆಂಟ್ ಟೈಪ್ ಮಾಡೋಕೆ ಶುರು ಮಾಡಿರುತ್ತೀರಿ, 'ನಿಮಗೆ ಒಂದೇ ಪಕ್ಷ ಕಾಣೋದು' ಅಂತ. ತಡೀರಿ. 2012ರಲ್ಲಿ ಕೋಲ್ಕತ್ತಾದ ಜಾದವ್‌ಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರ ಮಮತಾ ಬ್ಯಾನರ್ಜಿ ಬಗೆಗಿನ ಒಂದು ವ್ಯಂಗ್ಯಚಿತ್ರವನ್ನು ಇಮೇಲಿನಲ್ಲಿ ಕಳಿಸಿದರು. ಅಷ್ಟಕ್ಕೇ ಅರೆಸ್ಟ್. ಹಾಕಿದ ಕೇಸಿನಲ್ಲಿ ಐಟಿ ಕಾಯ್ದೆಯ 66ಎ, ಅಂದರೆ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸೋದು ಅಪರಾಧ ಅನ್ನುವ ಸೆಕ್ಷನ್ ಇತ್ತು. ಆ ಸೆಕ್ಷನ್ನನ್ನೇ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಆದರೂ ಅವರು ಕೇಸಿನಿಂದ ಪೂರ್ತಿ ಹೊರಬಂದಿದ್ದು 2023ರಲ್ಲಿ. ಒಂದು ಫಾರ್ವರ್ಡ್, ಹನ್ನೊಂದು ವರ್ಷ ಓಡಾಟ. ಅದಕ್ಕೂ ಮುಂಚೆ, 2010ರಲ್ಲಿ, ಮುಂಬೈ ವಿಶ್ವವಿದ್ಯಾಲಯ ಶಿವಸೇನೆಯ ವಿದ್ಯಾರ್ಥಿ ಸಂಘದ ಒತ್ತಡಕ್ಕೆ ರೋಹಿಂಟನ್ ಮಿಸ್ತ್ರಿ ಕಾದಂಬರಿಯನ್ನು ಪಠ್ಯದಿಂದ ಕಿತ್ತಿತ್ತು. ಹೆದರಿಸುವವರ ಬಾವುಟದ ಬಣ್ಣ ಬದಲಾಗುತ್ತದೆ, ಹೆದರುವ ಆಫೀಸು ಮಾತ್ರ ಎಲ್ಲಾ ಕಡೆ ಒಂದೇ ಥರ.

ನಮ್ಮ ಮನೆಯಲ್ಲೂ ಇದು ಆಗಿದೆ. ಎಂ.ಎಂ. ಕಲಬುರ್ಗಿಯವರು 1989ರಲ್ಲಿ, ತಮ್ಮ ಸಂಶೋಧನೆಯ ಕೆಲವು ಮಾತುಗಳನ್ನು ಒತ್ತಡಕ್ಕೆ ಸಿಕ್ಕಿ ವಾಪಸ್ ತಗೊಳ್ಳಬೇಕಾಯಿತು. ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯೂ ಆದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಇದರ ಬಗ್ಗೆ ಅವಸರದಲ್ಲಿ ಮಾತಾಡೋದು ಸರಿಯಲ್ಲ, ಬೇರೆಯದೇ ವಿಡಿಯೋ ಮಾಡುತ್ತೇನೆ.

ಪ್ರಬಂಧದ ಗತಿ ಏನಾಯಿತು ಅಂದರೆ, ಅದನ್ನು ಒಳಗೊಂಡ ರಾಮಾನುಜನ್ ಪುಸ್ತಕದ ಮರುಮುದ್ರಣವನ್ನು ಪ್ರಕಾಶಕರಾದ ಆಕ್ಸ್‌ಫರ್ಡ್‌ನವರು ನಿಲ್ಲಿಸಿಬಿಟ್ಟಿದ್ದರು. ಲೇಖಕರು, ಪ್ರಾಧ್ಯಾಪಕರು ಗಟ್ಟಿಯಾಗಿ ಕೇಳಿದ ಮೇಲೆ 2011ರ ಕೊನೆಗೆ ಮತ್ತೆ ಅಚ್ಚು ಹಾಕುತ್ತೇವೆ ಅಂದರು. ಹೀಗೆ ಪಠ್ಯದಲ್ಲಿದ್ದಾಗ ಪರೀಕ್ಷೆಗೆ ಓದುವ ಹುಡುಗರಿಗಷ್ಟೇ ಗೊತ್ತಿದ್ದ ಪ್ರಬಂಧ, ತೆಗೆದ ಮೇಲೆ ಇತಿಹಾಸದ ಗಂಧವಿಲ್ಲದ ನನ್ನಂಥವನ ಕೈಗೂ ಬಂತು. ಗಲಾಟೆ ಮಾಡಿದವರಿಗೆ ಅದೊಂದು ಥ್ಯಾಂಕ್ಸ್ ಹೇಳಬೇಕು.

ನಿಮ್ಮ ಊರಿನ ರಾಮಾಯಣದಲ್ಲಿ ಸೀತೆ ಹೇಗೆ ಹುಟ್ಟುತ್ತಾಳೆ? ನೇಗಿಲಿನ ಸಾಲಿನಲ್ಲಾ, ಕಮಲದಲ್ಲಾ, ಸೀನಿನಲ್ಲಾ? ಅಜ್ಜಿ ಹೇಳಿದ್ದು ಹೇಗಿತ್ತೋ ಹಾಗೇ ಬರೀರಿ. ನನ್ನನ್ನು ಬೈದರೆ ಕಾಮೆಂಟ್ ಇರುತ್ತದೆ. ಕಥೆ ಬರೆದವರನ್ನು ಹೆದರಿಸಿದರೆ ಮಾತ್ರ ತೆಗೆಯುತ್ತೇನೆ.