ರನ್ ಎಂದರೆ ಬರೀ ಓಡು ಅಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಒಂದು ಹಾಳೆ, ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ, ನಡುವೆ ಬೇಕಾಗುತ್ತದೆ.

ಇವತ್ತಿನ ಮಾತು ಒಂದೇ ಒಂದು ಇಂಗ್ಲಿಷ್ ಪದದ ಮೇಲೆ: ರನ್. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇದ್ದದ್ದು ಸೆಟ್ ಎಂಬ ಪದಕ್ಕೆ. ಆಮೇಲಿನ ಪರಿಷ್ಕರಣೆಯಲ್ಲಿ ರನ್ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಸಂಪಾದಕರು ಗುರುತಿಸಿದರು.

ಈ ಸಂಖ್ಯೆ ಕೇಳಿ ಎದೆಗುಂದಬೇಡಿ. ಕನ್ನಡದ 'ಕಟ್ಟು' ನೋಡಿ. ಮನೆ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ಬಾಜಿ ಕಟ್ಟುತ್ತೇವೆ, ಇಲ್ಲದ ಕಥೆ ಕಟ್ಟುತ್ತೇವೆ. ನೆಗಡಿಯಾದರೆ ಮೂಗು ಕಟ್ಟುತ್ತದೆ. ಇವನ್ನೆಲ್ಲ ಪಟ್ಟಿ ಮಾಡಿ ಯಾರೂ ಬಾಯಿಪಾಠ ಮಾಡಲಿಲ್ಲ. ಪಕ್ಕದಲ್ಲಿ ಕೂತ ಪದವೇ ಅರ್ಥ ಹೇಳಿಕೊಟ್ಟಿತು. ರನ್ ಕಲಿಯುವ ದಾರಿಯೂ ಅದೇ. ಪದವನ್ನಲ್ಲ, ಅದರ ನೆರೆಹೊರೆಯನ್ನು ಕಲಿಯಬೇಕು.

ಮೊದಲು ಒಂದು ತಪ್ಪು ತಿದ್ದಿಕೊಳ್ಳೋಣ. ರನ್ ಎಂದರೆ ಮೂಲತಃ ಕಾಲಿನ ಓಟ, ಉಳಿದದ್ದೆಲ್ಲ ಆಮೇಲೆ ಅಂಟಿಕೊಂಡದ್ದು ಎಂದುಕೊಳ್ಳುತ್ತೇವೆ. ಹಾಗಲ್ಲ. ಹರಿಯುವುದು ಎಂಬ ಅರ್ಥವೂ ಅಷ್ಟೇ ಹಳೆಯದು. ಜರ್ಮನ್ ಭಾಷೆಯಲ್ಲಿ ಇದರ ಸೋದರ ಪದ ರಿನ್ನೆನ್. ಅದಕ್ಕೆ ಇವತ್ತಿಗೂ ಹರಿ, ತೊಟ್ಟಿಕ್ಕು ಎಂದೇ ಅರ್ಥ. ಹಾಗಾಗಿ ಮನಸ್ಸಿನಲ್ಲಿ 'ಓಡು' ಎಂಬುದರ ಬದಲು 'ತಡೆಯಿಲ್ಲದೆ ಸಾಗು' ಎಂದು ಬರೆದುಕೊಳ್ಳಿ. ಅರ್ಧ ಗೋಜಲು ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಇನ್ನು ವಾಕ್ಯ ಸಿಕ್ಕಾಗ ಮೊದಲು ಕೇಳಬೇಕಾದದ್ದು, ಸಾಗುತ್ತಿರುವುದು ಯಾವುದು ಎಂದು. 'ದ ಟ್ಯಾಪ್ ಈಸ್ ರನ್ನಿಂಗ್' ಎಂದರೆ ನಲ್ಲಿಯಲ್ಲಿ ನೀರು ಸುರಿಯುತ್ತಿದೆ. 'ಮೈ ನೋಸ್ ಈಸ್ ರನ್ನಿಂಗ್' ಎಂದರೆ ಮೂಗು ಸೋರುತ್ತಿದೆ. 'ದ ಕಲರ್ಸ್ ರ್‍ಯಾನ್' ಎಂದರೆ ಒಗೆದಾಗ ಬಟ್ಟೆ ಬಣ್ಣ ಬಿಟ್ಟಿತು. 'ದ ರೋಡ್ ರನ್ಸ್ ಅಲಾಂಗ್ ದ ರಿವರ್' ಎಂದಾಗ ಏನೂ ಚಲಿಸುತ್ತಿಲ್ಲ, ಆದರೂ ನಮ್ಮ ಕಣ್ಣು ದಾರಿಯುದ್ದಕ್ಕೂ ಸಾಗುತ್ತದೆ. ರಸ್ತೆ ನದಿಯ ಪಕ್ಕದಲ್ಲೇ ಹಾದುಹೋಗುತ್ತದೆ ಎನ್ನುತ್ತೇವೆ. ಒಂದೇ ರನ್‌ಗೆ ಕನ್ನಡದಲ್ಲಿ ಸುರಿ, ಸೋರು, ಬಿಡು, ಹಾದುಹೋಗು ಎಂಬ ನಾಲ್ಕು ಕ್ರಿಯಾಪದಗಳು ಬಂದವು. ಎಲ್ಲ ಕಡೆ 'ಓಡು' ಹಾಕಲು ಹೊರಟರೆ ಮೂಗು ಓಡುತ್ತದೆ, ಅರ್ಥ ಕೈಗೆ ಸಿಗುವುದಿಲ್ಲ.

ಎರಡನೆಯದಾಗಿ ರನ್ ಆದಮೇಲೆ ಏನು ಬಂದಿದೆ ನೋಡಿ. ಈ ಎರಡು ವಾಕ್ಯಗಳನ್ನು ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ. 'ಷಿ ರನ್ಸ್ ಟು ಎ ಸ್ಕೂಲ್.' 'ಷಿ ರನ್ಸ್ ಎ ಸ್ಕೂಲ್.' ವ್ಯತ್ಯಾಸ ಒಂದು 'ಟು' ಮಾತ್ರ. ಮೊದಲನೆಯದರಲ್ಲಿ ಅವಳು ಶಾಲೆಯೊಂದಕ್ಕೆ ಓಡುತ್ತಾಳೆ. ಎರಡನೆಯದರಲ್ಲಿ ಅವಳೇ ಶಾಲೆ ನಡೆಸುತ್ತಾಳೆ. ರನ್‌ಗೆ ನೇರವಾಗಿ ಕರ್ಮಪದ ತಗುಲಿಕೊಂಡರೆ ಬಹಳ ಸಲ 'ನಡೆಸು' ಎಂದೇ ಅರ್ಥ: ಕಂಪನಿ, ಶಿಬಿರ, ಪರೀಕ್ಷೆ, ಕಂಪ್ಯೂಟರ್ ಪ್ರೋಗ್ರಾಂ. ಬಹಳ ಸಲ ಎಂದೆ, ಯಾವಾಗಲೂ ಅಲ್ಲ. 'ರನ್ ಎ ಮೈಲ್' ಎಂದರೆ ಒಂದು ಮೈಲಿ ಓಡುವುದೇ. 'ರನ್ ಎ ಟೆಂಪರೇಚರ್' ಎಂದರೆ ಜ್ವರ ಬರುವುದು. 'ರನ್ ದ ರಿಸ್ಕ್' ಎಂದರೆ ಅಪಾಯಕ್ಕೆ ಒಡ್ಡಿಕೊಳ್ಳುವುದು. ಅದರ ಮುಂದೆ 'ಆಫ್' ಬರಬೇಕು, ಕ್ರಿಯಾಪದಕ್ಕೆ 'ಇಂಗ್' ಸೇರಬೇಕು. 'ರನ್ ದ ರಿಸ್ಕ್ ಆಫ್ ಲೂಸಿಂಗ್' ಸರಿ, 'ರಿಸ್ಕ್ ಟು ಲೂಸ್' ತಪ್ಪು.

ಕನ್ನಡಿಗರು ಹೆಚ್ಚು ಎಡವುವುದು 'ರನ್ ಔಟ್' ಬಳಿ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪ್ರಿಂಟರಿನಲ್ಲಿ ಹಾಳೆ ಖಾಲಿಯಾಗಿದೆ ಎನ್ನಿ. ಕನ್ನಡದಲ್ಲಿ ಖಾಲಿಯಾಗುವುದು ಹಾಳೆ. ಇಂಗ್ಲಿಷಿನಲ್ಲಿ ಎರಡು ದಾರಿ ಇವೆ. ವಸ್ತುವನ್ನೇ ಮುಂದಿಟ್ಟರೆ 'ದ ಪೇಪರ್ ಹ್ಯಾಸ್ ರನ್ ಔಟ್', ಅಲ್ಲಿಗೆ ವಾಕ್ಯ ಮುಗಿಯಿತು. ವಸ್ತು ಯಾರ ಬಳಿ ಮುಗಿದಿದೆಯೋ ಅವರನ್ನು ಮುಂದಿಟ್ಟರೆ 'ಆಫ್' ಸೇರಲೇಬೇಕು: 'ವಿ ಹ್ಯಾವ್ ರನ್ ಔಟ್ ಆಫ್ ಪೇಪರ್.' ಆ 'ಆಫ್' ಮರೆತು 'ವಿ ಹ್ಯಾವ್ ರನ್ ಔಟ್ ಪೇಪರ್' ಎನ್ನುವುದು ನಮ್ಮ ಸಾಮಾನ್ಯ ತಪ್ಪು. 'ಹ್ಯಾಸ್ ರ್‍ಯಾನ್' ಎನ್ನುವುದು ಇನ್ನೊಂದು. ಮೂರು ರೂಪಗಳು ರನ್, ರ್‍ಯಾನ್, ರನ್. ಮೂರನೆಯದು ಮತ್ತೆ ಮೊದಲನೆಯದರಂತೆಯೇ. ಕ್ರಿಕೆಟ್ಟಿನ 'ಹಿ ವಾಸ್ ರನ್ ಔಟ್' ಬೇರೆಯದೇ ಜಾತಿ. ಅಲ್ಲಿ ಮುಗಿದದ್ದು ಏನೂ ಇಲ್ಲ, ಆಟಗಾರನನ್ನು ಔಟ್ ಮಾಡಲಾಗಿದೆ; ಹಾಗಾಗಿ 'ವಾಸ್' ಬಂದಿದೆ.

ಹೀಗೆ ಸಣ್ಣ ಬಾಲ ಹತ್ತಿಸಿಕೊಂಡ ರೂಪಗಳನ್ನು ಬಿಡಿಸಿ ಓದದೆ ಒಂದೇ ಪದದಂತೆ ಕಲಿಯಿರಿ. 'ರನ್ ಇನ್‌ಟು' ಒಬ್ಬ ಗೆಳೆಯನಾದರೆ ಅಚಾನಕ್ಕಾಗಿ ಎದುರಾಗುವುದು, ಗೋಡೆಯಾದರೆ ಡಿಕ್ಕಿ ಹೊಡೆಯುವುದು. 'ರನ್ ಥ್ರೂ' ಎಂದರೆ ಒಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸುವುದು.

ಹಿಂದೆ 'ಎ' ಅಥವಾ 'ದ' ಇದ್ದರೆ ರನ್ ನಾಮಪದವಾಗಿರಬಹುದು. 'ಇನ್ ದ ಲಾಂಗ್ ರನ್' ಎಂದರೆ ಕಾಲಾಂತರದಲ್ಲಿ. 'ಎ ರನ್ ಆನ್ ದ ಬ್ಯಾಂಕ್' ಎಂದರೆ ಠೇವಣಿದಾರರೆಲ್ಲ ಒಟ್ಟಿಗೆ ಹಣ ವಾಪಸ್ ಪಡೆಯಲು ಮುಗಿಬೀಳುವುದು. 'ಆನ್ ದ ರನ್' ಎಂದರೆ ತಲೆಮರೆಸಿಕೊಂಡಿರುವುದು.

ಎಲ್ಲ ಪದಗಳೂ ರನ್‌ನಂತೆ ಒಂದೇ ಬೇರಿನಿಂದ ಕವಲೊಡೆದವಲ್ಲ ಎಂಬುದೂ ನೆನಪಿರಲಿ. ಬಾವಲಿ ಎಂಬ ಬ್ಯಾಟ್, ಚೆಂಡು ಹೊಡೆಯುವ ಬ್ಯಾಟ್ ಬೇರೆ ಬೇರೆ ಮೂಲದ ಎರಡು ಪದಗಳು. ಅಲ್ಲಿ ನಡುವಿನ ಅರ್ಥ ಹುಡುಕುತ್ತ ಕೂರಬಾರದು.

ನಿಘಂಟಿನ ವಿಷಯ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಅರ್ಥಗಳನ್ನು ಐತಿಹಾಸಿಕ ಕ್ರಮದಲ್ಲಿ, ಹಳೆಯದರಿಂದ ಹೊಸದಕ್ಕೆ ಜೋಡಿಸುತ್ತದೆ. ಅಲ್ಲಿ ಮೊದಲು ಕಂಡದ್ದು ಇಂದಿನ ಬಳಕೆಯಲ್ಲಿ ಇಲ್ಲದೆಯೂ ಇರಬಹುದು. ಕಲಿಯುವವರಿಗಾಗಿಯೇ ಮಾಡಿದ ನಿಘಂಟು ಸಾಮಾನ್ಯವಾಗಿ ಹೆಚ್ಚು ಬಳಕೆಯ ಅರ್ಥವನ್ನು ಮುಂದಿಡುತ್ತದೆ, ಉದಾಹರಣೆ ವಾಕ್ಯವನ್ನೂ ಕೊಡುತ್ತದೆ. ನಿಮಗೆ ಬೇಕಾದದ್ದು ಅದು.

ಈಗ ಆ ಹಾಳೆಗೆ ಮೂರು ಅಂಕಣ ಹಾಕಿ. ಮೊದಲನೆಯದರಲ್ಲಿ ಸಾಗುತ್ತಿರುವುದು ಯಾವುದು, ಎರಡನೆಯದರಲ್ಲಿ ಪೂರ್ತಿ ವಾಕ್ಯ, ಮೂರನೆಯದರಲ್ಲಿ ಅಲ್ಲಿಗೆ ಒಪ್ಪುವ ಕನ್ನಡ ಕ್ರಿಯಾಪದ. ವಾರಕ್ಕೆ ಐದು ವಾಕ್ಯ ಸಾಕು. ಒಂದೇ ದಿನ ಇಪ್ಪತ್ತು ಬರೆದರೆ ಒಂದರ ಅರ್ಥ ಇನ್ನೊಂದಕ್ಕೆ ಕಲಸಿಕೊಳ್ಳುತ್ತದೆ. ಮರುದಿನ, ಮೂರನೆಯ ದಿನ, ಏಳನೆಯ ದಿನ ಮತ್ತೆ ನೋಡಿ. ಮೊದಲೆರಡು ಸಲ ಕನ್ನಡದ ಅಂಕಣ ಮುಚ್ಚಿ ಅರ್ಥ ಹೇಳಿ. ಏಳನೆಯ ದಿನ ಇಂಗ್ಲಿಷ್ ಮುಚ್ಚಿ, ಕನ್ನಡ ನೋಡಿ ವಾಕ್ಯ ಕಟ್ಟಿ. ಬಿಟ್ಟುಹೋದ 'ಆಫ್', ತಪ್ಪಿದ 'ಟು' ಬಯಲಾಗುವುದು ಆಗಲೇ. ತಪ್ಪಿದ ವಾಕ್ಯಕ್ಕೆ ಒಂದು ಗುರುತು ಹಾಕಿ, ಮುಂದಿನ ವಾರದ ಐದರಲ್ಲಿ ಅದನ್ನೇ ಮೊದಲನೆಯದಾಗಿ ಸೇರಿಸಿ. ನಮಸ್ಕಾರ.