ಫೋಟೋದಲ್ಲಿ ಚೆಲ್ಲಿದ ರವೆ

ಎಲ್ಲರಿಗೂ ನಮಸ್ಕಾರ. ಫೋಟೋ ಬಗ್ಗೆ ರೇಡಿಯೋದಲ್ಲಿ ಮಾತಾಡೋದು ಅಂದ್ರೆ ಹಬ್ಬದೂಟದ ರುಚೀನ ಫೋನಲ್ಲಿ ಹೇಳಿದ ಹಾಗೆ, ಆದ್ರೂ ಇವತ್ತಿನ ವಿಷಯಕ್ಕೆ ಮಾತ್ರ ರೇಡಿಯೋನೇ ಸರಿಯಾದ ಜಾಗ ಅನ್ಸತ್ತೆ ನಂಗೆ. ರಾತ್ರಿ ತೆಗೆದ ಫೋಟೋನ ಜೂಮ್ ಮಾಡಿ ನೋಡಿದ್ರೆ ಕಪ್ಪು ಇರೋ ಕಡೆಯೆಲ್ಲ ರವೆ ಚೆಲ್ಲಿದ ಹಾಗೆ ಕಾಣತ್ತಲ್ಲ, ಮಧ್ಯಮಧ್ಯ ಕೆಂಪು ಹಸಿರು ಚುಕ್ಕಿ ಬೇರೆ, ಅದಕ್ಕೆ ನಾಯ್ಸ್ ಅಂತಾರೆ. ನಾಯ್ಸ್ ಅಂದ್ರೆ ಗದ್ದಲ. ಹೆಸರು ಸರಿಯಾಗೇ ಇಟ್ಟಿದಾರೆ, ಯಾಕಂದ್ರೆ ನಮ್ಮ ಕಡೆ ಗುಡ್ಡದ ಮರೆಯಲ್ಲಿರೋ ಮನೇಲಿ ರೇಡಿಯೋ ಹಾಕಿದ್ರೆ ಕರಕರ ಅಂತ ಬರತ್ತಲ್ಲ, ಅದೇ ಜಾತೀದು ಇದು. ಸಿಗ್ನಲ್ ವೀಕ್ ಇದ್ದಾಗ ಎಂತ ಮಾಡ್ತೀವಿ, ವಾಲ್ಯೂಮ್ ತಿರುಗಿಸ್ತೀವಿ, ವಾರ್ತೆ ಓದೋರ ದನಿನೂ ಜೋರಾಯ್ತು, ಕರಕರನೂ ಜೋರಾಯ್ತು. ಕ್ಯಾಮೆರಾದಲ್ಲಿ ಐಎಸ್‌ಒ ಅನ್ನೋದು ಹೆಚ್ಚುಕಮ್ಮಿ ಆ ವಾಲ್ಯೂಮ್ ಗುಂಡಿನೇ.

ಸುಮಾರು ಜನ ಐಎಸ್‌ಒ ಏರಿಸಿದ್ರೆ ಸೆನ್ಸರು, ಅಂದ್ರೆ ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಚಿಪ್ಪು, ಜಾಸ್ತಿ ಬೆಳಕು ಹೀರತ್ತೆ ಅನ್ಕೊಂಡಿರ್ತಾರೆ, ನಾನೂ ಹಾಗೇ ಅನ್ಕೊಂಡಿದ್ದೆ. ಇಲ್ಲ ಮಾರಾಯ್ರೆ. ಬೆಳಕು ಒಳಗೆ ಬರೋದಕ್ಕೆ ಇರೋದು ಎರಡೇ ದಾರಿ, ಲೆನ್ಸಿನ ಕಿಂಡಿ ಎಷ್ಟು ದೊಡ್ಡದು, ಶಟರ್ ಎಷ್ಟೊತ್ತು ತೆರೆದಿರತ್ತೆ, ಅಷ್ಟೇ. ಐಎಸ್‌ಒ ಬಂದ ಬೆಳಕನ್ನ ಹಿಗ್ಗಿಸಿ ತೋರಿಸತ್ತೆ.

ಹಾಗಾದ್ರೆ ಆ ರವೆ ಎಲ್ಲಿಂದ ಬಂತು? ಮೊದಲ ಮಳೆ ಬೀಳೋವಾಗ ಅಡಿಕೆ ಒಣಗಿಸೋ ಸಿಮೆಂಟ್ ಅಂಗಳ ನೋಡಿದೀರಾ. ಶುರುವಿಗೆ ಹನಿ ಅಲ್ಲೊಂದು ಇಲ್ಲೊಂದು, ಒಂದು ಕಡೆ ನಾಕು ಹನಿ ಬಿದ್ದಿದ್ರೆ ಪಕ್ಕದ ಮೊಳ ಜಾಗ ಒಣಾ ಒಣ, ಅಂಗಳ ಪೂರ್ತಿ ಚುಕ್ಕೆ ಚುಕ್ಕೆ. ಐದು ನಿಮಿಷ ಜೋರಾಗಿ ಹೊಯ್ದ್ರೆ ಎಲ್ಲಾ ಕಡೆ ಒಂದೇ ಬಣ್ಣ. ಬೆಳಕೂ ಹನಿಹನಿಯಾಗೇ ಬರೋದು, ಫೋಟಾನ್ ಅಂತಾರೆ. ಒಂದು ಪಿಕ್ಸೆಲ್ಲಿಗೆ ಸರಾಸರಿ 100 ಫೋಟಾನ್ ಬರೋ ಜಾಗದಲ್ಲಿ ಸುಮಾರು 10ರಷ್ಟು ಹೆಚ್ಚುಕಮ್ಮಿ ಆಗತ್ತೆ, ಅಂದ್ರೆ ನೂರಕ್ಕೆ ಹತ್ತು. 10,000 ಬಂದ್ರೆ ಏರುಪೇರು 100, ನೂರಕ್ಕೆ ಒಂದೇ ಆಯ್ತು, ಕಣ್ಣಿಗೆ ಕಾಣೋದಿಲ್ಲ. ವರ್ಗಮೂಲದ ಲೆಕ್ಕ, ಹೈಸ್ಕೂಲಲ್ಲಿ ಇದು ಯಾವ ಕೆಲಸಕ್ಕೆ ಬರತ್ತೆ ಅಂತ ಬೈಕೊಂಡಿದ್ವಲ್ಲ, ಇಲ್ಲಿ ಬಂತು. ಜತೆಗೆ ಕ್ಯಾಮೆರಾ ಒಳಗಿನ ಸರ್ಕ್ಯೂಟೂ ತನ್ನದೊಂದು ಪಾಲು ಗದ್ದಲ ಸೇರಿಸತ್ತೆ, ಆದ್ರೆ ದೊಡ್ಡ ಕಾರಣ ಬೆಳಕಿನ ಬರಗಾಲನೇ.

ಇದು ಗೊತ್ತಿಲ್ದೆ ನಾನು ಒಂದಿಡೀ ರಾತ್ರಿ ಹಾಳು ಮಾಡ್ಕೊಂಡೆ. ತೀರ್ಥಹಳ್ಳಿ ಹತ್ರ ಒಂದೂರಲ್ಲಿ ಯಕ್ಷಗಾನ ಬಯಲಾಟ, ಗದ್ದೆ ಕೊಯ್ಲಾದ ಮೇಲೆ ಅಲ್ಲೇ ರಂಗಸ್ಥಳ ಕಟ್ಟಿದ್ರು, ಎರಡು ಹ್ಯಾಲೊಜೆನ್ ಲೈಟು, ಚಳಿ. ಐಎಸ್‌ಒ 800 ದಾಟಿದ್ರೆ ಫೋಟೋ ಕೆಟ್ಟೋಗತ್ತೆ ಅಂತ ಯಾರೋ ತಲೇಲಿ ತುಂಬಿದ್ರು, ಸರಿ, 800ಕ್ಕೆ ಕಟ್ಟಿ ಹಾಕ್ದೆ, ಶಟರು 1/30 ಸೆಕೆಂಡಿಗೆ ಇಳೀತು. ಚಂಡೆ ಏರ್ತಾ ಏರ್ತಾ ವೇಷಧಾರಿ ಮಂಡಿ ಹಾಕಿ ಗಿರಕಿ ಹೊಡೀತಿದ್ರೆ ನಾನು ಪಟಪಟ ಒತ್ತಿದ್ದೇ ಒತ್ತಿದ್ದು. ಬೆಳಗ್ಗೆ ಮನೇಲಿ ನೋಡಿದ್ರೆ ಇನ್ನೂರು ಚಿಲ್ಲರೆ ಫೋಟೋದಲ್ಲಿ ಒಂದ್ರಲ್ಲೂ ರವೆ ಇಲ್ಲ, ಮುಖನೂ ಇಲ್ಲ! ಬರೀ ಕೆಂಪು ಹಳದಿ ಗೀರು. ನನ್ನ ಪಕ್ಕ ನಿಂತಿದ್ದ ಸ್ಟುಡಿಯೋ ಹುಡುಗ 6400 ಇಟ್ಕೊಂಡು 1/250ರಲ್ಲಿ ತೆಗೆದಿದ್ದ, ಅದೇ ಲೆನ್ಸು, ಅದೇ ಎಫ್ 4. ಎಫ್ ಅಂದ್ರೆ ಲೆನ್ಸಿನ ಕಿಂಡಿಯ ಅಳತೆ, ನಂಬರ್ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಅವನ ಫೋಟೋದಲ್ಲಿ ರವೆ ಇತ್ತು, ಹೌದು, ಆದ್ರೆ ಕಣ್ಣಿತ್ತು, ಬೆವರಿತ್ತು, ಎದೆ ಮೇಲಿನ ಮಣಿ ಎಣಿಸ್ಬೋದಿತ್ತು. ರವೆಗೆ ಆಮೇಲೆ ಏನಾದ್ರೂ ಮದ್ದು ಮಾಡ್ಬೋದು, ಅಲುಗಾಡಿ ಹೋಗಿದ್ದಕ್ಕೆ ಎಂತ ಮಾಡ್ತೀರಿ.

ಇನ್ನೊಂದು ಉಪಾಯ ಹೇಳ್ತಾರೆ, ಐಎಸ್‌ಒ ಕಮ್ಮಿ ಇಟ್ಟು ಕಪ್ಪಾಗೇ ತೆಗೆದು ಆಮೇಲೆ ಕಂಪ್ಯೂಟರಲ್ಲಿ ಬೆಳ್ಳಗೆ ಮಾಡೋದು. ಅಲ್ಲಿ ಸರ್ಕ್ಯೂಟಿನ ಗದ್ದಲನೂ ಜತೇಲೇ ಮೇಲೆದ್ದು ಬರತ್ತೆ. ಕೆಲವು ಹೊಸ ಸೆನ್ಸರಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲ್ಲ, ಹಳೇ ಕ್ಯಾಮೆರಾ ಆದ್ರೆ ನೆರಳಲ್ಲೆಲ್ಲ ಪಟ್ಟೆಪಟ್ಟೆ ಬಿದ್ದು ಹೊಲಸಾಗತ್ತೆ. ಹಾಗಾಗಿ ನಾನು ಈಗ ಮಾಡೋದು ಏನಂದ್ರೆ, ಲೆನ್ಸ್ ಎಷ್ಟು ತೆರೆಯತ್ತೋ ಅಷ್ಟು ತೆರೆಯೋದು, ಕುಣಿಯೋರನ್ನ ಹಿಡಿಯೋಕೆ ಬೇಕಾದಷ್ಟು ಶಟರ್ ಇಡೋದು, ಐಎಸ್‌ಒ ಎಲ್ಲಿಗೆ ಹೋಗತ್ತೋ ಹೋಗ್ಲಿ ಅಂತ ಆಟೋಗೆ ಬಿಡೋದು, ಮುಖದ ಬಣ್ಣ ಸುಟ್ಟು ಬರೀ ಬಿಳಿ ಆಗದ ಹಾಗೆ ಒಂದು ಕಣ್ಣಿಡೋದು. ಲೆನ್ಸ್ ಎಫ್ 5.6ರಿಂದ 2.8ಕ್ಕೆ ಬಂದ್ರೆ ನಾಕು ಪಟ್ಟು ಬೆಳಕು, 6400 ಹೋಗಿ 1600 ಆಯ್ತು. ದುಡ್ಡಿದ್ರೆ ಕ್ಯಾಮೆರಾ ಬಾಡಿಗಿಂತ ಲೆನ್ಸಿಗೆ ಹಾಕಿ ಅಂತ ನಾನು ಹೇಳೋದು ಅದಕ್ಕೇ.

ಮಿಂಚುಹುಳದ ಕತೆ ಬೇರೆ. ಮೇ ಕೊನೆಗೆ, ಮಳೆಗಾಲ ಹಿಡಿಯೋಕೆ ಮುಂಚೆ, ಆಗುಂಬೆ ಕಡೆ ಕಾಡಂಚಲ್ಲಿ ಸ್ಟ್ಯಾಂಡ್ ಹಾಕಿ 30 ಸೆಕೆಂಡು ಶಟರ್ ತೆರೆದಿಟ್ರೆ ಆಗ ಸೆನ್ಸರು ಬಿಸಿಯಾಗಿ ತಾನಾಗೇ ಚುಕ್ಕಿ ಹುಟ್ಟಿಸತ್ತೆ, ಹಾಟ್ ಪಿಕ್ಸೆಲ್ ಅಂತ. ನಾನು ಒಂದ್ಸಲ ಅಬ್ಬಾ ಕೆಂಪು ಮಿಂಚುಹುಳ ಸಿಕ್ತು ಅಂತ ಮನೆಯವರಿಗೆಲ್ಲ ತೋರಿಸಿ ಮರ್ಯಾದೆ ಕಳ್ಕೊಂಡೆ, ಅದೇ ಚುಕ್ಕಿ ಮುಂದಿನ ಫೋಟೋದಲ್ಲೂ ಅದೇ ಜಾಗದಲ್ಲಿತ್ತು. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅಂತ ಮೆನುವಲ್ಲಿರತ್ತೆ, ಅದು ಶಟರ್ ಮುಚ್ಚಿಟ್ಟು ಇನ್ನೊಂದು 30 ಸೆಕೆಂಡು ಕತ್ತಲನ್ನೇ ಫೋಟೋ ತೆಗೆದು, ಅದರಲ್ಲಿ ಸಿಕ್ಕ ಚುಕ್ಕಿಗಳನ್ನ ಮೊದಲನೇದ್ರಿಂದ ಕಳೆಯತ್ತೆ. ಅಷ್ಟೊತ್ತೂ ಹುಳ ಮಿನುಗ್ತಾ ಇರತ್ತೆ, ನೀವು ಸುಮ್ಮನೆ ಕಾಯ್ಬೇಕು. ಕವಲೇದುರ್ಗ ಕೋಟೆಯ ಕಲ್ಲುಗೋಡೆ ಥರ ಅಲ್ಲಾಡದ್ದಾದ್ರೆ ಇನ್ನೂ ಚೆನ್ನಾದ ದಾರಿ ಇದೆ, ಒಂದೇ ಫ್ರೇಮನ್ನ ನಾಕು ಸಲ ತೆಗೆದು ಸರಾಸರಿ ಮಾಡಿದ್ರೆ ರವೆ ಅರ್ಧ ಆಗತ್ತೆ, ಹದಿನಾರು ಸಲ ತೆಗೆದ್ರೆ ಕಾಲು. ಮತ್ತೆ ಅದೇ ವರ್ಗಮೂಲ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳಲ್ಲ. ರಾ ಫೈಲಲ್ಲಿ, ಅಂದ್ರೆ ಸೆನ್ಸರು ಕೊಟ್ಟಿದ್ದನ್ನ ಹಾಗ್ಹಾಗೇ ಉಳಿಸೋ ಫೈಲಲ್ಲಿ ತೆಗೀರಿ, ಬಣ್ಣದ ಚುಕ್ಕಿಗಳನ್ನ ಧಾರಾಳ ಒರೆಸಿ, ಅದ್ರಿಂದ ನಷ್ಟ ಕಮ್ಮಿ, ಆದ್ರೆ ಬೂದು ರವೆ ಇದೆಯಲ್ಲ ಅದನ್ನ ಪೂರ್ತಿ ಒರೆಸೋಕೆ ಹೋಗ್ಬೇಡಿ, ವೇಷದ ಮುಖ ಮೇಣದ ಗೊಂಬೆ ಆಗತ್ತೆ, ಜರಿ ಮಣಿ ಎಲ್ಲ ಕರಗಿ ಪಾಯಸ. ಈಗಿನ ಎಐ ಟೂಲ್‌ಗಳು ಚೆನ್ನಾಗೇ ಮಾಡ್ತವೆ, ಕೆಲವು ಸಲ ಇಲ್ಲದ ಹುಬ್ಬನ್ನೂ ಬರೆದು ಕೊಡ್ತವೆ.

ಮಾರನೇ ವರ್ಷ ಅದೇ ಗದ್ದೆಗೆ ಹೋಗಿ 6400ರಲ್ಲೇ ತೆಗೆದೆ. ಮಾನಿಟರಲ್ಲಿ ನೂರು ಪರ್ಸೆಂಟ್ ಹಿಗ್ಗಿಸಿ ನೋಡಿದಾಗ ಹೊಟ್ಟೇಲಿ ಸಂಕಟ ಆಯ್ತು, ಅಷ್ಟು ರವೆ. ಎಂಟು ಹನ್ನೆರಡು ಇಂಚಿಗೆ ಪ್ರಿಂಟ್ ಹಾಕಿಸಿದೆ, 24 ಮೆಗಾಪಿಕ್ಸೆಲ್ಲು ಅಷ್ಟು ಚಿಕ್ಕ ಕಾಗದಕ್ಕೆ ಕುಗ್ಗೋವಾಗ ಅಕ್ಕಪಕ್ಕದ ಪಿಕ್ಸೆಲ್ ಬೆರೆತು ಸುಮಾರು ರವೆ ಕಾಣದೇ ಹೋಯ್ತು. ಮುಂದಿನ ಆಟದ ದಿನ ವೇಷ ಕಟ್ಟೋ ಚೌಕಿಗೆ ಹೋಗಿ ಫೋಟೋದಲ್ಲಿದ್ದ ಕಲಾವಿದರ ಕೈಗೆ ಕೊಟ್ಟೆ. ಅವರು ಅರ್ಧ ಬಣ್ಣ ಹಚ್ಕೊಂಡಿದ್ರು, ಫೋಟೋನ ಬಲ್ಬಿನ ಹತ್ರ ಹಿಡಿದು ತುಂಬಾ ಹೊತ್ತು ನೋಡಿದ್ರು, ನಾನು ನಾಯ್ಸ್ ಬಗ್ಗೆ ಏನೋ ಸಮಜಾಯಿಷಿ ಕೊಡೋಕೆ ಬಾಯಿ ತೆರೆದೆ. "ಎಲ್ಲ ಸರಿ ಮಾರಾಯ್ರೆ, ಮುಂಡಾಸು ತುದಿ ಯಾಕೆ ಕತ್ತರಿಸಿದ್ರಿ?" ಅಂದ್ರು.